ರತನ್ ಅಳಲಿ, ನೀವು ಅಳಬೇಡಿ

ನಮಸ್ಕಾರ,

ಟ್ಯಾಗೋರರ ‘ಪೋಸ್ಟ್‌ಮಾಸ್ಟರ್’ ಕಥೆಯ ಬಗ್ಗೆ ನೀವು ಕಳಿಸಿದ ‘ಒಂಟಿತನದಲ್ಲಿ ಅರಳಿದ ಬಂಧ’ ಲೇಖನ ಓದಿದೆ. ಈಗಿರುವ ಹಾಗೆ ಇದನ್ನು ಹಾಕಲು ಆಗುವುದಿಲ್ಲ. ಸುಮ್ನೆ ವಾಪಸ್ ಕಳಿಸಲೂ ಮನಸ್ಸು ಬರಲಿಲ್ಲ, ಮೂರನೇ ಪುಟದಲ್ಲಿ ಒಂದು ಒಳ್ಳೆಯ ಸಾಲು ಇದೆ.

ಮೊದಲ ಎರಡು ಪುಟ ತೆಗೆದುಬಿಡಿ. ಮೊಬೈಲು, ಅಪಾರ್ಟ್‌ಮೆಂಟು, ಆಧುನಿಕ ಮನುಷ್ಯನ ಏಕಾಂಗಿತನ, ಇವನ್ನೆಲ್ಲ ಓದುಗರು ಬೇಕಾದಷ್ಟು ಓದಿದ್ದಾರೆ. ಕಥೆ ಎಷ್ಟು ಬೇಗ ಶುರುವಾಗುತ್ತದೆ ನೋಡಿ. ಉಲಾಪುರ ಅನ್ನುವ ಹಳ್ಳಿ, ಹತ್ತಿರದಲ್ಲಿ ನೀಲಿ ಬಣ್ಣ ತಯಾರಿಸುವ ಕಾರ್ಖಾನೆ, ಅದರ ಸಾಹೇಬ ಓಡಾಡಿ ಮಾಡಿಸಿಕೊಂಡ ಅಂಚೆ ಕಚೇರಿ, ಕಲ್ಕತ್ತೆಯಿಂದ ಬಂದ ಹುಡುಗ. ನಾಲ್ಕೈದು ಸಾಲಲ್ಲಿ ಮುಗಿಯಿತು.

ಇನ್ನು ಸ್ವಲ್ಪ ಮುಜುಗರದ ವಿಷಯ. ಪೋಸ್ಟ್‌ಮಾಸ್ಟರನ ಹೆಸರು ನಂದಲಾಲ್ ಅಂದಿದ್ದೀರಿ. ಹುಚ್ಚ ಬಿಶು ಬಗ್ಗೆ ಒಂದಿಡೀ ಪ್ಯಾರಾ ಬರೆದಿದ್ದೀರಿ. ಇವೆರಡೂ ಸತ್ಯಜಿತ್ ರಾಯ್ 1961ರ ‘ತೀನ್ ಕನ್ಯಾ’ ಸಿನಿಮಾದಲ್ಲಿ ಸೇರಿಸಿದ್ದು. ಕಥೆಯಲ್ಲಿ ಅವನಿಗೆ ಹುದ್ದೆ ಇದೆ, ಹೆಸರಿಲ್ಲ. ಹೆಸರಿರುವುದು ಅವನ ಮನೆಗೆಲಸ ಮಾಡುವ ಹುಡುಗಿ ರತನ್‌ಗೆ. ಕೊನೆಯೂ ಬೇರೆ ಬೇರೆ. ಸಿನಿಮಾದ ರತನ್ ನೀರಿನ ಬಕೆಟ್ ಹಿಡಿದು ಅವನನ್ನು ದಾಟಿ ಹೋಗುತ್ತಾಳೆ. ಕಥೆಯ ರತನ್, ಅವನು ಹಣ ಕೊಡಲು ಬಂದಾಗ ಕಾಲಿಗೆ ಬಿದ್ದು, ಬೇಡ ಅಂತ ಹೇಳಿ ಓಡಿಹೋಗುತ್ತಾಳೆ. ಎರಡನ್ನೂ ಹೋಲಿಸಿ ಬರೆಯಬಹುದು. ಕಲಸಬೇಡಿ.

ಪೋಸ್ಟ್‌ಮಾಸ್ಟರನನ್ನು ‘ಕಲ್ಲೆದೆಯ ವಂಚಕ’ ಅನ್ನುವ ಮಾತೂ ಜಾಸ್ತಿ ಆಯಿತು. ಟ್ಯಾಗೋರರು ಜಮೀನು ನೋಡಿಕೊಳ್ಳಲು ಪೂರ್ವ ಬಂಗಾಳದ ಶಹಜಾದ್‌ಪುರದಲ್ಲಿ ಇದ್ದಾಗ ಅವರ ಮನೆಯಲ್ಲೇ ಅಂಚೆ ಕಚೇರಿ ಇತ್ತು. ಅಲ್ಲಿನ ಪೋಸ್ಟ್‌ಮಾಸ್ಟರ್ ಇವರ ಹತ್ತಿರ ಬಂದು ಹರಟುತ್ತಿದ್ದರು. 1891ರಲ್ಲಿ ‘ಹಿತವಾದಿ’ ಪತ್ರಿಕೆಯಲ್ಲಿ ಕಥೆ ಬಂದ ಮೇಲೆ ಅವರು ಆ ವಿಷಯ ಎತ್ತಿ ನಾಚಿಕೊಂಡು ನಕ್ಕರು ಅಂತ ಟ್ಯಾಗೋರರೇ ಒಂದು ಪತ್ರದಲ್ಲಿ ಬರೆದಿದ್ದಾರೆ. ಹತ್ತಿರದಿಂದ ಬಲ್ಲ, ಇಷ್ಟಪಟ್ಟ ಮನುಷ್ಯನಿಂದ ಹುಟ್ಟಿದ ಪಾತ್ರ ಅದು. ಬೈದು ಮುಗಿಸಿದರೆ ಕಥೆಯ ಕಷ್ಟವೇ ಕಾಣುವುದಿಲ್ಲ.

ಈಗ ನಿಮ್ಮ ಆ ಸಾಲು: ‘ರತನ್ ಕರೆಯುವುದನ್ನೇ ಕಾಯುತ್ತಿರುತ್ತಾಳೆ, ಆದರೆ ಕರೆದ ಕೂಡಲೇ ಒಳಗೆ ಬರುವುದಿಲ್ಲ.’ ಸರಿಯಾಗಿ ನೋಡಿದ್ದೀರಿ. ಆದರೆ ಅಲ್ಲೇ ಬಿಟ್ಟು ‘ಪವಿತ್ರ ಸಹೋದರ ಪ್ರೇಮ’ದ ಕಡೆಗೆ ಓಡಿದ್ದೀರಿ. ಯಾಕೆ ಅವಸರ? ಆ ಬಾಗಿಲಲ್ಲೇ ಇನ್ನೂ ಸ್ವಲ್ಪ ನಿಲ್ಲಿ. ಹನ್ನೆರಡು ಹದಿಮೂರರ ಅನಾಥ ಹುಡುಗಿ. ಸಂಬಳವಿಲ್ಲ, ಕೆಲಸ ಮಾಡಿದರೆ ಊಟ. ಅವನು ಹುಕ್ಕಾ ಕೇಳಿದರೆ ಎರಡು ಕೆನ್ನೆ ಉಬ್ಬಿಸಿ ಕೆಂಡ ಊದುತ್ತಾ ಬರುತ್ತಾಳೆ. ಅವನು ಮನೆ ನೆನಪಾಗಿ ತಾಯಿ, ಅಕ್ಕ, ತಮ್ಮನ ಸುದ್ದಿ ಹೇಳುತ್ತಾನೆ. ಕೇಳಿ ಕೇಳಿ ಅವಳೂ ಕಾಣದ ಆ ಜನರನ್ನು ಅಮ್ಮ, ಅಕ್ಕ, ಅಣ್ಣ ಅಂತಲೇ ಕರೆಯಲು ಶುರುಮಾಡುತ್ತಾಳೆ.

ಮಳೆಗಾಲದ ಒಂದು ಮಧ್ಯಾಹ್ನ ಅವನಿಗೆ ಯಾರಾದರೂ ಪ್ರೀತಿಯವರು ಹತ್ತಿರ ಇರಬೇಕಿತ್ತು ಅನಿಸುತ್ತದೆ. ಆಗ ಕೂಗಿ ಕರೆಯುವುದು ಸೀಬೆ ಮರದ ಕೆಳಗೆ ಕಾಯಿ ತಿನ್ನುತ್ತಿದ್ದ ರತನ್‌ಳನ್ನು. ಓದು ಕಲಿಸುತ್ತೇನೆ ಅನ್ನುತ್ತಾನೆ. ಅವನು ಬಯಸಿದ್ದು ಅವಳನ್ನಲ್ಲ, ಆ ಹೊತ್ತಿಗೆ ಕೈಗೆ ಸಿಕ್ಕಿದ್ದು ಅವಳು. ಇದು ಅವಳಿಗೆ ಹೇಗೆ ಗೊತ್ತಾಗಬೇಕು? ಅವನಿಗೆ ಜ್ವರ ಬಂದಾಗ ರಾತ್ರಿಯಿಡೀ ತಲೆಯ ಹತ್ತಿರ ಕೂತಿರುತ್ತಾಳೆ. ಹುಷಾರಾದ ಮೇಲೆ ಅವನು ವರ್ಗಾವಣೆಗೆ ಅರ್ಜಿ ಹಾಕಿ ಉತ್ತರ ಕಾಯುತ್ತಿದ್ದರೆ, ಇವಳು ಬಾಗಿಲಾಚೆ ಕೂತು ಹಳೇ ಪಾಠ ಒಪ್ಪಿಸಿಕೊಳ್ಳುತ್ತಿದ್ದಾಳೆ. ದಿಢೀರನೆ ಕರೆದರೆ ಒತ್ತಕ್ಷರ ತಪ್ಪಿಹೋದರೆ ಅನ್ನುವ ಹೆದರಿಕೆ.

ಒಂಟಿತನದಿಂದ ಬಂಧ ಹುಟ್ಟಿತು ಅನ್ನುತ್ತದೆ ನಿಮ್ಮ ತಲೆಬರಹ. ಅವನ ಮಟ್ಟಿಗೆ ನಿಜ. ರತನ್ ವಿಷಯದಲ್ಲಿ ಇದು ಉಲ್ಟಾ ಅಲ್ವಾ? ಅವನು ಬರುವ ಮುಂಚೆ ಅವಳಿಗೆ ಯಾರೂ ಇರಲಿಲ್ಲ, ಆದರೆ ಕಾಯುವ ಕೆಲಸವೂ ಇರಲಿಲ್ಲ. ಬಂಧ ಮೊದಲು ಬಂತು, ಒಂಟಿತನ ಆಮೇಲೆ. ನಿಮ್ಮ ಲೇಖನ ಇದರ ಮೇಲೆ ನಿಲ್ಲಲಿ.

ಸ್ನಾನದ ನೀರಿಗೆ ನೀವು ಕೊಟ್ಟದ್ದು ಒಂದೇ ಸಾಲು. ಅವನು ಊರಿಗೆ ಹೊರಟಿದ್ದಾನೆ. ‘ನನ್ನನ್ನೂ ನಿಮ್ಮ ಮನೆಗೆ ಕರೆದುಕೊಂಡು ಹೋಗ್ತೀರಾ’ ಅಂತ ಅವಳು ಕೇಳಿದ್ದಕ್ಕೆ ಅವನು ‘ಅದು ಹೇಗಾಗುತ್ತೆ’ ಅಂತ ನಕ್ಕಿದ್ದಾನೆ. ಆ ರಾತ್ರಿಯೇ ಅವಳು ನದಿಗೆ ಹೋಗಿ ನೀರು ತಂದಿಟ್ಟಿದ್ದಾಳೆ. ತುಂಬಿಟ್ಟ ನೀರಲ್ಲೇ ಮೀಯುವುದು ಅವನ ಕಲ್ಕತ್ತೆಯ ರೂಢಿ. ಬೆಳಿಗ್ಗೆ ಎಷ್ಟು ಹೊತ್ತಿಗೆ ಹೊರಡುತ್ತಾನೋ ಅಂತ ಕೇಳಲು ಅವಳಿಗೆ ಬಾಯಿ ಬಂದಿಲ್ಲ. ಇದನ್ನು ನಿಧಾನವಾಗಿ ಹೇಳಿದರೆ ‘ಮನ ಮಿಡಿಯುತ್ತದೆ’, ‘ಕಣ್ಣಂಚು ಒದ್ದೆಯಾಗುತ್ತದೆ’ ಅಂತೆಲ್ಲ ಬರೆಯಬೇಕಾಗಿಲ್ಲ. ಲೆಕ್ಕ ಹಾಕಿಲ್ಲ, ತುಂಬಾ ಸಲ ಇವೆ, ಎಲ್ಲ ಹೊಡೆದುಹಾಕಿ.

ಕೊನೆಯ ಪ್ಯಾರಾ ಬೇಡವೇ ಬೇಡ. ‘ಬದುಕೆಂದರೆ ಅಗಲಿಕೆ, ಯಾರಿಗೆ ಯಾರು ಶಾಶ್ವತ’ ಅಂದಿದ್ದೀರಿ. ದೋಣಿಯಲ್ಲಿ ಕೂತ ಪೋಸ್ಟ್‌ಮಾಸ್ಟರ್ ಹೇಳಿಕೊಳ್ಳುವುದೂ ಇದನ್ನೇ! ವಾಪಸ್ ಹೋಗಿ ಅವಳನ್ನು ಕರೆತರಲೇ ಅನಿಸುತ್ತದೆ. ಅಷ್ಟರಲ್ಲಿ ಹಾಯಿಗೆ ಗಾಳಿ ತುಂಬಿದೆ, ದಡದಲ್ಲಿ ಸ್ಮಶಾನ ಕಾಣುತ್ತಿದೆ, ಸಮಾಧಾನಕ್ಕೊಂದು ತತ್ವ ಸಿಗುತ್ತದೆ. ರತನ್ ಮನಸ್ಸಲ್ಲಿ ಅಂಥ ಯಾವ ತತ್ವವೂ ಹುಟ್ಟಲಿಲ್ಲ ಅಂತ ಕಥೆ ಅಲ್ಲೇ ಹೇಳುತ್ತದೆ. ಅವಳು ಅಂಚೆ ಕಚೇರಿಯ ಸುತ್ತ ಅಳುತ್ತಾ ಸುತ್ತುತ್ತಿದ್ದಾಳೆ. ನೀವು ಹೋಗಿ ದೋಣಿಯಲ್ಲಿ ಕೂತಿದ್ದೀರಿ.

ಪುಸ್ತಕ ಎದುರಿಗೆ ಇಟ್ಟುಕೊಂಡು ಮತ್ತೆ ಬರೆಯಿರಿ. ಸಾವಿರ ಪದ ಸಾಕು. ಯೂನಿಕೋಡ್‌ನಲ್ಲೇ ಟೈಪ್ ಮಾಡಿ ಕಳಿಸಿ. ಈ ಸಲದ ಫೈಲಿನಲ್ಲಿ ಅರ್ಕಾವೊತ್ತುಗಳೆಲ್ಲ ಎಗರಿಹೋಗಿದ್ದವು.

ವಿಶ್ವಾಸದಿಂದ,
ಸಂಪಾದಕ