ಮುಧೋಳ–ಲ್ಯಾಬ್ ಕ್ರಾಸ್ ಮರಿ ತಗೊಳ್ಳಬೇಕಾ? ಮೊದಲು ತಾಯಿ ನಾಯಿಯನ್ನು ನೋಡಿ

ಅಣ್ಣ, ನಿಮ್ಮ ಪ್ರಶ್ನೆ ಓದಿದೆ. ತಿಪಟೂರು ಹತ್ತಿರ ನಾಲ್ಕು ಎಕರೆ ತೆಂಗು, ಅಡಿಕೆ. ತೋಟದಲ್ಲೇ ಮನೆ, ಇಬ್ಬರು ಚಿಕ್ಕ ಮಕ್ಕಳು, ವಯಸ್ಸಾದ ಅಮ್ಮ. ಜೊತೆಗೆ ಕುರಿ, ನಾಟಿ ಕೋಳಿ. ಬೆಂಗಳೂರಿನ ಬ್ರೀಡರ್ ಒಬ್ಬರು 40 ದಿನದ ಮುಧೋಳ–ಲ್ಯಾಬ್ರಡಾರ್ ಕ್ರಾಸ್ ಗಂಡು ಮರಿಗೆ 15 ಸಾವಿರ ಹೇಳಿದ್ದಾರೆ. 2 ಸಾವಿರ ಅಡ್ವಾನ್ಸ್ ಹಾಕಿದರೆ ಬಸ್ಸಿನಲ್ಲಿ ಕಳಿಸುತ್ತಾರಂತೆ. "ಮುಧೋಳದ ಓಟ, ಲ್ಯಾಬ್‌ನ ಸಾಧು ಗುಣ, ಎರಡೂ ಸಿಗುತ್ತೆ" ಅಂದಿದ್ದಾರೆ. ತಗೊಳ್ಳಲಾ, ಬೇಡವಾ ಅಂತ ಕೇಳಿದ್ದೀರಿ.

ಅಡ್ವಾನ್ಸ್ ಹಾಕಬೇಡಿ. ಮರಿ ಬೇಡ ಅಂತ ಹೇಳುತ್ತಿಲ್ಲ. ಕ್ರಾಸ್ ನಾಯಿಗಳಲ್ಲಿ ಬಹಳ ಒಳ್ಳೆಯ ನಾಯಿಗಳಿವೆ. ಆದರೆ ಆ ಮರಿಯ ತಾಯಿಯನ್ನು ನೀವು ಕಣ್ಣಾರೆ ನೋಡುವವರೆಗೂ ಒಂದು ರೂಪಾಯಿ ಕೊಡಬೇಡಿ. ಫೋಟೊ, ವಿಡಿಯೊ ನೋಡಿ ನಾಯಿ ಮರಿ ಕೊಳ್ಳಲು ಆಗುವುದಿಲ್ಲ.

"ಎರಡೂ ಜಾತಿಯ ಒಳ್ಳೆಯ ಗುಣ ಬರುತ್ತೆ" ಅನ್ನುವ ಮಾತನ್ನೇ ಮೊದಲು ನೋಡೋಣ. ಮರಿಗೆ ಅಪ್ಪನಿಂದ ಅರ್ಧ, ಅಮ್ಮನಿಂದ ಅರ್ಧ ಬರುತ್ತದೆ, ಸರಿ. ಆದರೆ ಯಾವ ಗುಣ ಯಾರ ಕಡೆಯಿಂದ ಎದ್ದು ಕಾಣುತ್ತದೆ ಅನ್ನುವುದು ಬ್ರೀಡರ್ ಕೈಯಲ್ಲಿಲ್ಲ. ಮುಧೋಳ ಕಣ್ಣಿನಿಂದ ನೋಡಿ ಬೇಟೆಯಾಡುವ ನಾಯಿ. ಓಡುವಂಥದ್ದು ಏನೇ ಕಂಡರೂ ಅದರ ಹಿಂದೆ ಹೋಗುವುದು ಅದರ ರಕ್ತದಲ್ಲಿದೆ. ಲ್ಯಾಬ್ರಡಾರ್ ಬೇಟೆಗಾರ ಹೊಡೆದ ಹಕ್ಕಿಯನ್ನು ತಂದುಕೊಡಲು ಬೆಳೆಸಿದ ನಾಯಿ. ಜನರನ್ನು ಕಂಡರೆ ಅದಕ್ಕೆ ಪ್ರೀತಿ, ಹೊಸಬರನ್ನು ಕಂಡರೂ ಪ್ರೀತಿ. ಈಗ ಬ್ರೀಡರ್ ಹೇಳಿದ್ದನ್ನು ತಿರುಗಿಸಿ ನೋಡಿ. ರಾತ್ರಿ ಕಾಯಿ ಕದಿಯಲು ಬಂದವನ ಹತ್ತಿರ ಬಾಲ ಆಡಿಸುವ, ಹಗಲು ನಿಮ್ಮ ಕೋಳಿಗಳನ್ನು ಅಟ್ಟಿಸಿಕೊಂಡು ಹೋಗುವ ನಾಯಿಯೂ ಇದೇ ಕ್ರಾಸ್‌ನಲ್ಲಿ ಹುಟ್ಟಬಹುದು. ಒಂದೇ ಸೂಲಿನಲ್ಲಿ ಎರಡು ಥರದ ಮರಿಗಳೂ ಇರಬಹುದು.

ಇದಕ್ಕೆ ಒಂದು ನಿಜವಾದ ಉದಾಹರಣೆ ಇದೆ. ಈಗ ನಮ್ಮ ನಗರಗಳಲ್ಲೂ ಮಾರುವ ಲ್ಯಾಬ್ರಡೂಡಲ್ ಅನ್ನುವ ಕ್ರಾಸ್ ಹೆಸರಾದದ್ದು 1989ರಲ್ಲಿ, ಆಸ್ಟ್ರೇಲಿಯಾದಲ್ಲಿ. ಅಂಧರಿಗೆ ದಾರಿ ತೋರಿಸುವ ನಾಯಿಗಳನ್ನು ಬೆಳೆಸುವ ಸಂಸ್ಥೆಯಲ್ಲಿದ್ದ ವಾಲಿ ಕಾನ್ರನ್ ಅನ್ನುವವರು ಲ್ಯಾಬ್ರಡಾರ್‌ಗೆ ಕೂದಲು ಕಡಿಮೆ ಉದುರುವ ಪೂಡಲ್ ಜಾತಿಯ ನಾಯಿ ಕೂಡಿಸಿದರು. ಹವಾಯಿಯ ಒಬ್ಬ ಅಂಧ ಮಹಿಳೆಗೆ ನಾಯಿ ಬೇಕಿತ್ತು, ಆಕೆಯ ಗಂಡನಿಗೆ ನಾಯಿ ಕೂದಲಿನಿಂದ ಅಲರ್ಜಿ. ಹುಟ್ಟಿದ್ದು ಮೂರು ಮರಿ. ಕೂದಲು, ಜೊಲ್ಲು ಕಳಿಸಿ ಪರೀಕ್ಷೆ ಮಾಡಿಸಿದಾಗ ಅವರಿಗೆ ಅಲರ್ಜಿ ಆಗದ್ದು ಒಂದೇ ಒಂದು. ಅದೇ ಅಪ್ಪ, ಅದೇ ಅಮ್ಮ, ಅದೇ ದಿನ ಹುಟ್ಟಿದ ಮರಿಗಳು. ಆಮೇಲೆ ಎಲ್ಲ ಕಡೆ ಸಿಕ್ಕ ಸಿಕ್ಕ ನಾಯಿಗೆ ಪೂಡಲ್ ಕೂಡಿಸಿ ಮಾರುವುದು ಶುರುವಾಯಿತು. 2019ರಲ್ಲಿ ಅದೇ ಕಾನ್ರನ್ ತಾನು ಈ ಕೆಲಸ ಮಾಡಿದ್ದಕ್ಕೆ ಬೇಜಾರಾಗಿದೆ ಅಂತ ಬಹಿರಂಗವಾಗಿ ಹೇಳಿದರು. ಪರೀಕ್ಷೆ ಮಾಡಿ, ಆರಿಸಿ ಕೊಟ್ಟವರಿಗೇ ಮೂರರಲ್ಲಿ ಒಂದು. ಏನೂ ನೋಡದೆ ಬಸ್ಸಿಗೆ ಹಾಕುವವರು "ಗ್ಯಾರಂಟಿ" ಅಂದರೆ ನಂಬುವುದು ಹೇಗೆ?

ಇನ್ನೊಂದು ಕೇಳಲೇಬೇಕು. ಅಪ್ಪ-ಅಮ್ಮ ಎರಡೂ ಶುದ್ಧ ಜಾತಿಯ ನಾಯಿಗಳಾ, ಅಥವಾ ಅವೇ ಕ್ರಾಸ್ ಆಗಿವೆಯಾ? ಹೈಬ್ರಿಡ್ ಟೊಮೆಟೊದ ಬೀಜ ಎತ್ತಿಟ್ಟು ಮುಂದಿನ ಸಲ ಹಾಕಿದರೆ ಗಿಡ ಒಂದೊಂದು ಒಂದೊಂದು ಥರ ಬರುತ್ತದಲ್ವಾ, ಇಲ್ಲೂ ಹಾಗೇ. ಶುದ್ಧ ಮುಧೋಳಕ್ಕೆ ಶುದ್ಧ ಲ್ಯಾಬ್ ಕೂಡಿದರೆ ಮರಿಗಳ ಮೈಕಟ್ಟು ಹೆಚ್ಚುಕಡಿಮೆ ಒಂದೇ ಅಂದಾಜಿನಲ್ಲಿರುತ್ತದೆ. ಕ್ರಾಸ್‌ಗೆ ಕ್ರಾಸ್ ಕೂಡಿಸಿದರೆ ಅದನ್ನೂ ಹೇಳಲು ಆಗುವುದಿಲ್ಲ. "ಮರಿಗೆ ಕೆಸಿಐ ಪೇಪರ್ ಇದೆ" ಅಂದರೆ ಅಲ್ಲೇ ಮಾತು ನಿಲ್ಲಿಸಿ. ಕೆಸಿಐ ಅಂದರೆ ಶುದ್ಧ ಜಾತಿಯ ನಾಯಿಗಳ ದಾಖಲೆ ಇಡುವ ಕೆನಲ್ ಕ್ಲಬ್ ಆಫ್ ಇಂಡಿಯಾ, ಅದು ಕ್ರಾಸ್ ಮರಿಗಳನ್ನು ನೋಂದಾಯಿಸುವುದಿಲ್ಲ. ಪೇಪರ್ ಇದ್ದರೆ ಅಪ್ಪ-ಅಮ್ಮನದ್ದು ಇರಬೇಕು. ಅದನ್ನು ತೋರಿಸಲಿ.

ಇನ್ನು "ಕ್ರಾಸ್‌ಗೆ ಕಾಯಿಲೆ ಬರಲ್ಲ" ಅನ್ನುವ ಮಾತು. ಅದರಲ್ಲಿ ಅರ್ಧ ನಿಜ ಇದೆ. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಪಶುವೈದ್ಯ ಕಾಲೇಜಿನವರು 27 ಸಾವಿರಕ್ಕೂ ಹೆಚ್ಚು ನಾಯಿಗಳ ಆಸ್ಪತ್ರೆ ದಾಖಲೆ ನೋಡಿ 2013ರಲ್ಲಿ ಲೆಕ್ಕ ಹೇಳಿದ್ದಾರೆ. ವಂಶದಿಂದ ಬರುವ 24 ಕಾಯಿಲೆಗಳಲ್ಲಿ 10 ಕಾಯಿಲೆಗಳು ಶುದ್ಧ ಜಾತಿಯ ನಾಯಿಗಳಲ್ಲಿ ಜಾಸ್ತಿ ಇದ್ದವು. 13ರಲ್ಲಿ ವ್ಯತ್ಯಾಸವೇ ಇರಲಿಲ್ಲ. ಮೊಣಕಾಲಿನ ಲಿಗಮೆಂಟ್ ಹರಿಯುವುದು ಮಾತ್ರ ಮಿಶ್ರ ನಾಯಿಗಳಲ್ಲೇ ಜಾಸ್ತಿ. ವ್ಯತ್ಯಾಸ ಇಲ್ಲದ ಆ 13ರಲ್ಲಿ ಸೊಂಟದ ಕೀಲು ಸಡಿಲವಾಗುವ ಹಿಪ್ ಡಿಸ್‌ಪ್ಲೇಸಿಯಾ ಕೂಡ ಇದೆ. ಇದು ಲ್ಯಾಬ್‌ಗಳನ್ನು ಬಹಳ ಕಾಡುವ ತೊಂದರೆ. ಹಾಗಾಗಿ ಲ್ಯಾಬ್ ಕಡೆಯ ನಾಯಿಗೆ ಸೊಂಟದ ಎಕ್ಸ್‌ರೇ ತೆಗೆಸಿದ್ದಾರಾ ಕೇಳಿ. ನಮ್ಮಲ್ಲಿ ಬಹಳ ಜನ ತೆಗೆಸಿರುವುದಿಲ್ಲ, ಅದು ನನಗೂ ಗೊತ್ತು. ಆದರೂ ಕೇಳಿ. ಉತ್ತರ ಹೇಗೆ ಕೊಡುತ್ತಾರೆ ಅನ್ನುವುದರಿಂದಲೇ ಆಸಾಮಿ ಯಾರು ಅಂತ ತಿಳಿಯುತ್ತದೆ. ಎಕ್ಸ್‌ರೇ ಇಲ್ಲದಿದ್ದರೆ ಆ ನಾಯಿ ಮಲಗಿದ ಜಾಗದಿಂದ ಎದ್ದು ನಡೆಯುವುದನ್ನು ನೋಡಿ. ಏಳಲು ಕಷ್ಟಪಟ್ಟರೆ, ಹಿಂಗಾಲು ಎರಡನ್ನೂ ಒಟ್ಟಿಗೆ ಎತ್ತಿ ಮೊಲದ ಹಾಗೆ ಓಡಿದರೆ ಆ ಸೂಲಿನ ಮರಿ ಬೇಡ.

ಈಗ ತಾಯಿಯ ವಿಷಯಕ್ಕೆ ಬರೋಣ. ಮರಿಯ ಸ್ವಭಾವದಲ್ಲಿ ತಾಯಿಯ ಪಾಲು ಎರಡು ಸಲ ಬರುತ್ತದೆ. ಒಂದು ರಕ್ತದಿಂದ. ಇನ್ನೊಂದು, ಹುಟ್ಟಿದ ಮೊದಲ ವಾರಗಳಲ್ಲಿ ಅದು ತಾಯಿಯನ್ನು ನೋಡಿಯೇ ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ ಅಂತ ಕಲಿಯುತ್ತದೆ. ನೀವು ಹೋದಾಗ ತಾಯಿ ಮರಿಗಳ ಜೊತೆಗೇ ಇರಬೇಕು. "ತಾಯಿ ಊರಲ್ಲಿದೆ", "ಬೇರೆ ಕಡೆ ಕಟ್ಟಿದ್ದೀವಿ" ಅಂದರೆ ಅವರು ಬ್ರೀಡರ್ ಅಲ್ಲ, ಮಧ್ಯದ ದಲ್ಲಾಳಿ. ಮರಿಗಳು ಎಲ್ಲೆಲ್ಲಿಂದಲೋ ಬಂದಿರುತ್ತವೆ.

ತಾಯಿ ಮುಧೋಳ ಆಗಿದ್ದರೆ ಓಡಿಬಂದು ಮುದ್ದಾಡಿಸಿಕೊಳ್ಳಲಿ ಅಂತ ಕಾಯಬೇಡಿ. ಹೊಸಬರು ಮುಟ್ಟುವುದು ಈ ಜಾತಿಗೆ ಇಷ್ಟವಾಗುವುದಿಲ್ಲ. ದೂರ ನಿಂತು ನೋಡುವುದು, ಒಂದೆರಡು ಸಲ ಬೊಗಳಿ ಸುಮ್ಮನಾಗುವುದು, ಅದು ಸರಿಯಾದ ನಡತೆ. ಮೈ ಸಣ್ಣಗಿದ್ದು ಪಕ್ಕೆಲುಬು ಸ್ವಲ್ಪ ಕಂಡರೂ ಗಾಬರಿ ಬೇಡ, ಮುಧೋಳ ಇರುವುದೇ ಹಾಗೆ. ಮರಿಗಳಿಗೆ ಹಾಲು ಕೊಡುವಾಗ ಇನ್ನಷ್ಟು ಇಳಿದಿರುತ್ತದೆ. ಆದರೆ ಮೂಲೆಗೆ ಮುದುಡಿ ಉಚ್ಚೆ ಹೊಯ್ದುಕೊಂಡರೆ, ಯಜಮಾನ ಕೈ ಎತ್ತಿದರೆ ಬೆದರಿದರೆ, ಹತ್ತಿರ ಹೋಗದೆಯೇ ಕಚ್ಚಲು ಬಂದರೆ, ವಾಪಸ್ ಬನ್ನಿ. ಅಂಥ ತಾಯಿಯ ಮರಿಯನ್ನು ಚಿಕ್ಕ ಮಕ್ಕಳು, ವಯಸ್ಸಾದವರು ಇರುವ ಮನೆಗೆ ತರಬಾರದು. ಮರಿ ಎಷ್ಟೇ ಮುದ್ದಾಗಿರಲಿ.

ಸಾಧ್ಯವಾದರೆ ಅಪ್ಪನನ್ನೂ ನೋಡಿ. ಅದು ಬೇರೆಯವರ ನಾಯಿ ಆಗಿರಬಹುದು, ಪರವಾಗಿಲ್ಲ. ಆದರೆ ಕೂಡಿಸಿದ ತಾರೀಖು ಯಾವುದು, ಮರಿ ಹಾಕಿದ ತಾರೀಖು ಯಾವುದು ಕೇಳಿ. ನಡುವೆ ಸುಮಾರು 63 ದಿನ ಇರಬೇಕು. ಹೆಣ್ಣು ಹೆಚ್ಚುಕಡಿಮೆ ಮೂರು ವಾರ ಬೆದೆಯಲ್ಲಿರುತ್ತದೆ. ಅಷ್ಟೂ ದಿನ ಅದನ್ನು ಒಳಗೆ ಇಟ್ಟಿದ್ದರಾ? ಇಡದಿದ್ದರೆ ಬೀದಿಯ ಗಂಡು ಕೂಡ ಕೂಡಿರಬಹುದು. ಒಂದೇ ಸೂಲಿನ ಮರಿಗಳಿಗೆ ಇಬ್ಬರು ಅಪ್ಪಂದಿರು ಇರಲು ಸಾಧ್ಯ. "ಅಕಸ್ಮಾತ್ ಆಗಿಹೋಯ್ತು, ಅಪ್ಪ ಯಾವುದು ಸರಿಯಾಗಿ ಗೊತ್ತಿಲ್ಲ" ಅಂತ ನಿಜ ಹೇಳಿದರೆ ನನಗೆ ಅವರ ಮೇಲೆ ಗೌರವವೇ. ಆದರೆ ಆ ಮರಿಗೆ 15 ಸಾವಿರ ಯಾಕೆ ಕೊಡಬೇಕು?

ವಯಸ್ಸಿನ ವಿಷಯ ಗಟ್ಟಿಯಾಗಿ ಹಿಡಿದುಕೊಳ್ಳಿ. 40 ದಿನದ ಮರಿಯನ್ನು ಮಾರುವುದೇ ತಪ್ಪು. ಕೇಂದ್ರ ಸರ್ಕಾರದ 2017ರ ನಾಯಿ ತಳಿ ಸಾಕಣೆ ಮತ್ತು ಮಾರಾಟದ ನಿಯಮದ ಪ್ರಕಾರ ಎಂಟು ವಾರ ತುಂಬದ ಮರಿ ಮಾರುವಂತಿಲ್ಲ. ಬ್ರೀಡರ್ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು. ತಾಯಿಗೆ ಕನಿಷ್ಠ 18 ತಿಂಗಳಾಗಿರಬೇಕು, ವರ್ಷಕ್ಕೆ ಒಂದೇ ಸೂಲು, ಜೀವಮಾನದಲ್ಲಿ ಐದಕ್ಕಿಂತ ಜಾಸ್ತಿ ಬೇಡ ಅಂತಲೂ ಅದರಲ್ಲಿದೆ. ಸುಮ್ನೆ ಮಾಡಿದ ನಿಯಮ ಅಲ್ಲ ಇದು. ಐದರಿಂದ ಎಂಟನೇ ವಾರದ ನಡುವೆ ಮರಿಗಳು ಒಂದಕ್ಕೊಂದು ಕಚ್ಚಿ ಆಡುತ್ತವೆ. ಜೋರಾಗಿ ಕಚ್ಚಿದರೆ ಇನ್ನೊಂದು ಕಿರುಚಿ ಆಟ ಬಿಟ್ಟುಹೋಗುತ್ತದೆ, ತಾಯಿ ಗದರುತ್ತದೆ. ಎಷ್ಟು ಬಲವಾಗಿ ಬಾಯಿ ಹಾಕಬೇಕು ಅನ್ನುವುದನ್ನು ಮರಿ ಅಲ್ಲಿ ಕಲಿಯುತ್ತದೆ. ಆ ಪಾಠ ತಪ್ಪಿಸಿ ತಂದರೆ ಅದನ್ನು ನಿಮ್ಮ ಮಕ್ಕಳ ಕೈ ಮೇಲೆ ಕಲಿಯುತ್ತದೆ.

ಬಸ್ಸಂತೂ ಬೇಡವೇ ಬೇಡ. ಆ ವಯಸ್ಸಿಗೆ ತಾಯಿ ಹಾಲಿನ ರಕ್ಷಣೆ ಇಳಿಯುತ್ತಿರುತ್ತದೆ, ಲಸಿಕೆಯ ರಕ್ಷಣೆ ಇನ್ನೂ ಬಂದಿರುವುದಿಲ್ಲ. ಪಾರ್ವೊ ಅನ್ನುವ ವೈರಸ್ ಕಾಯಿಲೆ ತಗಲುವುದು ಇದೇ ಸಂದಿಯಲ್ಲಿ. ವಾಂತಿ, ರಕ್ತ ಭೇದಿ ಶುರುವಾದರೆ ಎರಡು ಮೂರು ದಿನದಲ್ಲಿ ಮರಿ ಹೋಗಿಬಿಡಬಹುದು. ಸೋಂಕು ತಗಲಿ ಸಾಮಾನ್ಯವಾಗಿ 3ರಿಂದ 7 ದಿನ ಏನೂ ಕಾಣುವುದಿಲ್ಲ. ಹಾಗಾಗಿ ಬ್ರೀಡರ್ ಹತ್ತಿರ ಚೆನ್ನಾಗಿದ್ದ ಮರಿ ನಿಮ್ಮ ಮನೆಗೆ ಬಂದ ಮೇಲೆ ಮಲಗುತ್ತದೆ, "ನಾವು ಕೊಟ್ಟಾಗ ಸರಿಯಾಗಿತ್ತು" ಅನ್ನುತ್ತಾರೆ. ಆ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ನಿಮ್ಮ ತೋಟದಲ್ಲಿ ಹಿಂದೆ ಯಾವುದಾದರೂ ಮರಿ ಹೀಗೆ ಸತ್ತಿದ್ದರೆ, ಹೊಸ ಮರಿಗೆ ಲಸಿಕೆ ಎಲ್ಲ ಮುಗಿಯುವವರೆಗೂ ಆ ಜಾಗಕ್ಕೆ ಬಿಡಬೇಡಿ.

ಹೋದಾಗ ಮರಿಯಲ್ಲಿ ಏನು ನೋಡಬೇಕು ಅಂದರೆ, ಮೊದಲು ವಸಡು. ಗುಲಾಬಿ ಬಣ್ಣ ಇರಬೇಕು. ಬಿಳಿಚಿಕೊಂಡಿದ್ದರೆ ಕೊಕ್ಕೆಹುಳು ಅಥವಾ ಉಣ್ಣೆ ರಕ್ತ ಹೀರಿರುತ್ತವೆ. ಮೈ ಸೊರಗಿ ಹೊಟ್ಟೆ ಮಾತ್ರ ಡೊಳ್ಳಾಗಿದ್ದರೆ ಜಂತುಹುಳು. ಕಿವಿಯೊಳಗೆ, ಬೆರಳ ಸಂದಿಯಲ್ಲಿ ಉಣ್ಣೆ ಹುಡುಕಿ. ಮರಿಗಳಿಂದ ಸ್ವಲ್ಪ ದೂರದಲ್ಲಿ ಬೀಗದ ಕೈ ಗೊಂಚಲು ನೆಲಕ್ಕೆ ಬೀಳಿಸಿ. ಬೆಚ್ಚಿದರೂ ಆಮೇಲೆ ಮೂಸಲು ಬರುವ ಮರಿ ನಿಮಗೆ ಸರಿ. ಓಡಿಹೋಗಿ ಹೊರಗೇ ಬರದ ಮರಿ ಬೇಡ. ಅಂಗಳದಲ್ಲಿ ಕೋಳಿ ಇದ್ದರೆ ತಾಯಿ ಅದನ್ನು ಹೇಗೆ ನೋಡುತ್ತದೆ ಅಂತ ಗಮನಿಸಿ. ಲಸಿಕೆ ಕಾರ್ಡಿನಲ್ಲಿ ಸೀಸೆಯ ಸ್ಟಿಕ್ಕರ್, ಡಾಕ್ಟರ್ ಸಹಿ, ಸೀಲು, ತಾರೀಖು ಇರಲಿ. ಬರೀ ಪೆನ್ನಿನಲ್ಲಿ ಬರೆದದ್ದು ಲೆಕ್ಕಕ್ಕಿಲ್ಲ.

ನಿಮ್ಮ ಪ್ರಶ್ನೆಗೆ ಇನ್ನೊಬ್ಬರು "ಕ್ರಾಸ್ ನಾಯಿ ಸಾಕುವುದು ಬ್ಯಾನ್ ಆಗಿದೆ" ಅಂತ ಉತ್ತರ ಬರೆದಿದ್ದಾರೆ. ಅದು ಹಾಗಲ್ಲ. 2024ರ ಮಾರ್ಚ್‌ನಲ್ಲಿ ಕೇಂದ್ರದಿಂದ ಒಂದು ಸುತ್ತೋಲೆ ಬಂದಿತ್ತು. ಪಿಟ್‌ಬುಲ್, ರಾಟ್‌ವೀಲರ್ ಥರದ 23 ಜಾತಿಗಳು, ಅವುಗಳ ಕ್ರಾಸ್‌ಗಳ ಬಗ್ಗೆ. ಅದನ್ನು ಕರ್ನಾಟಕ ಹೈಕೋರ್ಟ್ ಏಪ್ರಿಲ್‌ನಲ್ಲಿ ರದ್ದು ಮಾಡಿತು. ಮುಧೋಳವಾಗಲಿ ಲ್ಯಾಬ್ರಡಾರ್ ಆಗಲಿ ಆ ಪಟ್ಟಿಯಲ್ಲೇ ಇರಲಿಲ್ಲ.

ನಿಮಗೆ ನಿಜವಾಗಿ ಬೇಕಿರುವುದು ಏನು ಅಂತಲೂ ಯೋಚಿಸಿ. ತೋಟಕ್ಕೆ ಬೇಕಾದ್ದು ಹೊಸಬರು ಬಂದರೆ ಬೊಗಳಿ ಎಬ್ಬಿಸುವ, ಕುರಿ-ಕೋಳಿ ಜೊತೆ ಹೊಂದಿಕೊಳ್ಳುವ, ಬಿಸಿಲು ತಡೆಯುವ ನಾಯಿ. ಓಟ ಯಾಕೆ? ಈ ಕೆಲಸಕ್ಕೆ ಊರಲ್ಲೇ ಹುಟ್ಟಿದ, ಕುರಿ ಮಂದೆಯ ಪಕ್ಕ ಬೆಳೆದ ನಾಟಿ ಮರಿಯೇ ನನ್ನ ಮೊದಲ ಆಯ್ಕೆ. ಕುರಿ ಕಾಯುವವರ ಹತ್ತಿರ ಕೇಳಿ ನೋಡಿ, ಅವರ ನಾಯಿ ಮರಿ ಹಾಕಿದ್ದರೆ ತಾಯಿ ಕೆಲಸ ಮಾಡುವುದನ್ನೇ ನೋಡಿ ಆರಿಸಬಹುದು. ಮುಧೋಳವೇ ಬೇಕು ಅನ್ನುವ ಆಸೆ ಇದ್ದರೆ ಶುದ್ಧ ಮುಧೋಳವನ್ನೇ ತನ್ನಿ. ಬಾಗಲಕೋಟೆ ಜಿಲ್ಲೆ ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರ್ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಇದೆ. ಅಲ್ಲಿ ವಿಚಾರಿಸಿ. ಆದರೆ ಕೋಳಿ ವಿಷಯದಲ್ಲಿ ಹೇಳಿದ ಎಚ್ಚರಿಕೆ ಅಲ್ಲೂ ಅಷ್ಟೇ ಇದೆ.

ಯಾವ ನಾಯಿ ತಂದರೂ ರಾತ್ರಿ ತೋಟದಲ್ಲಿ ಸರಪಳಿಗೆ ಕಟ್ಟಿ ಬಿಡಬೇಡಿ. ತುಮಕೂರು ಜಿಲ್ಲೆಯಲ್ಲಿ ಚಿರತೆ ಓಡಾಟ ನಿಮಗೆ ಹೇಳಬೇಕಿಲ್ಲ. ಕಟ್ಟಿದ ನಾಯಿಗೆ ತಪ್ಪಿಸಿಕೊಳ್ಳಲು ದಾರಿಯೇ ಇರುವುದಿಲ್ಲ. ಮನೆಗೆ ಅಂಟಿದ ಹಾಗೆ, ಮೇಲೆ ಮುಚ್ಚಿದ ಗಟ್ಟಿ ಜಾಲರಿಯ ಗೂಡು ಮಾಡಿಸಿ. ಮರಿಗೆ ಕೊಡುವ ದುಡ್ಡಿನಲ್ಲಿ ಉಳಿಸಿ ಇದಕ್ಕೆ ಹಾಕಿ.

ಕೊನೆಗೆ ಈ ಕ್ರಾಸ್ ಮರಿಯೇ ತಂದರೆ, ಮುಂದೆ ಆಪರೇಷನ್ ಮಾಡಿಸುವಾಗ ಮುಧೋಳದ ಕ್ರಾಸ್ ಅಂತ ಡಾಕ್ಟರಿಗೆ ಮೊದಲೇ ಹೇಳಿ. ಇಂಥ ಬೇಟೆ ನಾಯಿಗಳ ಮೈಯಲ್ಲಿ ಕೊಬ್ಬು ಕಡಿಮೆ, ಕೆಲವು ಅರಿವಳಿಕೆ ಔಷಧಿಗಳಿಂದ ಎಚ್ಚರವಾಗಲು ಬಹಳ ಹೊತ್ತು ಹಿಡಿಯುತ್ತದೆ.

ಈಗ ಬ್ರೀಡರ್‌ಗೆ ಫೋನ್ ಮಾಡಿ ಇಷ್ಟೇ ಹೇಳಿ: "ಎಂಟು ವಾರ ತುಂಬಿದ ಮೇಲೆ ನಾನೇ ಬರ್ತೀನಿ, ತಾಯಿ ಜೊತೆ ಮರಿಗಳನ್ನು ನೋಡ್ತೀನಿ, ಅಲ್ಲೇ ದುಡ್ಡು ಕೊಡ್ತೀನಿ." ಒಪ್ಪಿದರೆ ಹೋಗಿ ನೋಡಿ ಬನ್ನಿ. "ಬೇರೆಯವರು ಕಾಯ್ತಿದ್ದಾರೆ, ಇವತ್ತೇ ಅಡ್ವಾನ್ಸ್ ಹಾಕಿ" ಅಂದರೆ ಬಿಟ್ಟುಬಿಡಿ. ಹೋದಾಗ ತಾಯಿಯದ್ದೊಂದು ವಿಡಿಯೊ, ಲಸಿಕೆ ಕಾರ್ಡಿನ ಫೋಟೊ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.