ಕೇಳಿ, ಹೇಳುತ್ತೇವೆ: ಆರ್ಬಿಟಲ್ ಷೋಗೆ ಹೊರಟವರಿಗೆ

ಪ್ರಶ್ನೆ: ಕೆಲಸದ ಮೇಲೆ ಬೆಂಗಳೂರಿನಿಂದ ಲಂಡನ್ನಿಗೆ ಬಂದಿದ್ದೇನೆ. ಆಫೀಸಿನಲ್ಲಿ ಇಬ್ಬರು ಆರ್ಬಿಟಲ್ ಎಂಬ ಡ್ಯಾನ್ಸ್ ಬ್ಯಾಂಡಿನ ಕಟ್ಟಾ ಅಭಿಮಾನಿಗಳು, ಊರೂರಿಗೆ ಹೋಗಿ ಷೋ ನೋಡುತ್ತಾರೆ. ನಾನು ವಿಡಿಯೊ ನೋಡಿದೆ. ಇಬ್ಬರು ಗಂಡಸರು ಯಂತ್ರಗಳ ಹಿಂದೆ ನಿಂತು ಬಟನ್ ಒತ್ತುತ್ತಾರೆ, ಅಷ್ಟೆ. ಇದು ಲೈವ್ ಹೇಗಾಯಿತು? ಮತ್ತೆ ಮತ್ತೆ ನೋಡಲು ಏನಿದೆ?

ಉತ್ತರ: ಬಟನ್ ಒತ್ತುವುದೇ ಅಲ್ಲಿ ನುಡಿಸುವುದು. ಯಾವ ಬಟನ್, ಯಾಕೆ ಎಂದು ತಿಳಿಯದಿದ್ದರೆ ಬೋರು ಹೊಡೆಯುವುದು ಸಹಜ.

ಆರ್ಬಿಟಲ್ ಅಂದರೆ ಇಂಗ್ಲೆಂಡಿನ ಕೆಂಟ್ ಸೀಮೆಯ ಸೆವೆನೋಕ್ಸ್ ಊರಿನ ಫಿಲ್ ಮತ್ತು ಪಾಲ್ ಹಾರ್ಟ್‌ನಲ್ ಅಣ್ಣತಮ್ಮಂದಿರು. ಮೊದಲ ಹಾಡು ‘ಚೈಮ್’ ಅನ್ನು ಅಪ್ಪನ ಕ್ಯಾಸೆಟ್ ಡೆಕ್ಕಿನಲ್ಲಿ ರೆಕಾರ್ಡ್ ಮಾಡಿಕೊಂಡರು. 1990ರಲ್ಲಿ ಅದು ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 17ನೇ ಸ್ಥಾನಕ್ಕೆ ಏರಿತು. ಆಗಿನ ಎಷ್ಟೋ ಡ್ಯಾನ್ಸ್ ತಂಡಗಳು ವೇದಿಕೆಗೆ ಬಂದರೆ ಟೇಪ್ ಹಾಕಿ ನುಡಿಸಿದಂತೆ ನಟಿಸಿ ಇಳಿದುಹೋಗುತ್ತಿದ್ದವು. ಇವರು ಮಾತ್ರ ಸ್ವರಗಳ ಸರಣಿಯನ್ನು ನೆನಪಿಟ್ಟು ನಡೆಸುವ ಯಂತ್ರಗಳನ್ನೇ, ಅಂದರೆ ಸೀಕ್ವೆನ್ಸರುಗಳನ್ನೇ, ಹೊತ್ತು ತಂದರು. ಅವರ ಹಳೆಯ ಷೋಗಳ ಜೀವಾಳ ಅಲೆಸಿಸ್ ಎಂಎಂಟಿ-8 ಎಂಬ ಪೆಟ್ಟಿಗೆ. ಅದರಲ್ಲಿ ಎಂಟು ಟ್ರ್ಯಾಕು, ಒಂದೊಂದಕ್ಕೂ ಒಂದು ಬಟನ್. ಒತ್ತಿದರೆ ಆ ಪದರ ಸುಮ್ಮನಾಗುತ್ತದೆ, ಮತ್ತೆ ಒತ್ತಿದರೆ ದನಿ ಬರುತ್ತದೆ. ಪೆಟ್ಟಿಗೆಯೊಳಗೆ ಇರುವುದು ಶಬ್ದವಲ್ಲ. ಯಾವ ಸ್ವರ ಯಾವಾಗ ಬರಬೇಕೆಂಬ ಅಪ್ಪಣೆ ಮಾತ್ರ. ಶಬ್ದ ಹುಟ್ಟುವುದು ಪಕ್ಕದ ಸಿಂಥಸೈಜರಿನಲ್ಲಿ, ಅದರ ಗುಂಡಿಗಳನ್ನು ಕೈಯಿಂದ ತಿರುಗಿಸುತ್ತಲೇ ಇರುತ್ತಾರೆ. ಒಂದು ಭಾಗ ಸುತ್ತುತ್ತಲೇ ಇರುತ್ತದೆ, ಇವರು ಮುಂದಿನದಕ್ಕೆ ದಾಟಿಸುವವರೆಗೂ. ಹಾಡು ಎಂಟು ನಿಮಿಷವೋ ಹನ್ನೆರಡೋ, ಆ ರಾತ್ರಿ ಜನರನ್ನು ನೋಡಿ ತೀರ್ಮಾನವಾಗುತ್ತದೆ. ವೇಷಧಾರಿಯ ಕುಣಿತ ನೋಡಿ ಭಾಗವತರು ಪದವನ್ನು ಹಿಗ್ಗಿಸುವುದಿಲ್ಲವೇ, ಹಾಗೆ. ಅದೇ ಪ್ರಸಂಗಕ್ಕೆ ಮೇಳದ ಹಿಂದೆ ಊರೂರು ಅಲೆಯುವವರು ನಮ್ಮ ಕರಾವಳಿಯಲ್ಲೂ ಇದ್ದಾರೆ.

ತಪ್ಪಿದರೆ ಕೇಳಿಸುತ್ತದೆ. ತಾಳ ಹಿಡಿಯುವ ದಪ್ಪ ದನಿಯ ಕಿಕ್ ಡ್ರಮ್ ವಾಪಸು ಬರುವುದು ಒಂದು ಬಾರ್, ಅಂದರೆ ನಾಲ್ಕು ಪೆಟ್ಟಿನ ಒಂದು ಆವರ್ತ, ತಡವಾದರೆ ಎತ್ತಿದ ಕಾಲು ಎಲ್ಲಿ ಇಡಬೇಕೆಂದು ತಿಳಿಯದೆ ಇಡೀ ಸಭೆ ತಡವರಿಸುತ್ತದೆ. ತಾಳವಿಲ್ಲದ ಭಾಗವನ್ನು ತೀರಾ ಎಳೆದರೆ ಜನ ಕುಡಿಯುವ ಕೌಂಟರಿನ ಕಡೆ ನಡೆಯುತ್ತಾರೆ.

ಮೊದಲ ಷೋನಲ್ಲಿ ಒಂದೇ ಕೆಲಸ ಮಾಡಿ: ಎಣಿಸಿ. ಒಂದು ಬಾರ್‌ಗೆ ನಾಲ್ಕು ಬೀಟು, ಅಂದರೆ ಪೆಟ್ಟು. ವೇಗ ನಿಮಿಷಕ್ಕೆ 128 ಬೀಟು ಇದ್ದರೆ 16 ಬಾರ್‌ಗಳಿಗೆ ಸರಿಯಾಗಿ 30 ಸೆಕೆಂಡು. ಹೊಸ ಪದರ ಸೇರುವುದು, ಹಳೆಯದು ಕಳಚುವುದು ಹೆಚ್ಚಾಗಿ ಈ ಗಡಿಯಲ್ಲೇ. ಗಡಿ ದಾಟಿಯೂ ಏನೂ ಬದಲಾಗಲಿಲ್ಲವೆಂದರೆ ಅವರು ಬೇಕೆಂದೇ ಕಾಯಿಸುತ್ತಿದ್ದಾರೆ. ಆ ಕಾಯುವಿಕೆಯ ರುಚಿ ಹತ್ತಿದವರೇ ಮುಂದಿನ ಊರಿಗೆ ಟಿಕೆಟ್ ತೆಗೆಯುವುದು. ‘ಹ್ಯಾಲ್ಸಿಯನ್’ ಬಂದಾಗ ಕಿವಿ ನೆಟ್ಟಗಿರಲಿ. 1992ರ ಆ ಮೆದು ಹಾಡಿನ ನಡುವೆ ವೇದಿಕೆಯಲ್ಲಿ ಬಾನ್ ಜೋವಿ ಮತ್ತು ಬೆಲಿಂಡಾ ಕಾರ್ಲೈಲ್ ಅವರ ಜನಪ್ರಿಯ ಹಾಡುಗಳ ತುಣುಕು ತೂರಿಸುತ್ತಾರೆ. ಮೂಲ ರೆಕಾರ್ಡಿನಲ್ಲಿ ಇದಿಲ್ಲ. ಗೊತ್ತಿದ್ದವರು ಮೊದಲೇ ಬಾಯಿ ತೆರೆದು ಕಾದಿರುತ್ತಾರೆ.

ಷೋಗಳಲ್ಲಿ ಇವರು ಹಾಕುವ ಕನ್ನಡಕಕ್ಕೆ ಅಂಟಿಸಿದ ಎರಡು ಟಾರ್ಚು ಷೋಕಿಗೆಂದು ಬಂದದ್ದಲ್ಲ. ಕತ್ತಲ ವೇದಿಕೆಯಲ್ಲಿ ಬಟನ್ ಕಾಣಲೆಂದು ಹಾಕಿಕೊಂಡರು, ಅದೇ ಗುರುತಾಯಿತು.

ಪ್ರಶ್ನೆ: ಮೊದಲೇ ಏನು ಕೇಳಿಕೊಂಡು ಹೋಗಲಿ?

ಉತ್ತರ: ಕಂದು ಹೊದಿಕೆಯ 1993ರ ಆಲ್ಬಂ, 1996ರ ‘ಇನ್ ಸೈಡ್ಸ್’. ಇವೆರಡು ಸಾಕು. ಆಮೇಲೆ 2007ರಲ್ಲಿ ಬಂದ, 1994ರಿಂದ 2004ರವರೆಗಿನ ಗ್ಲಾಸ್ಟನ್‌ಬರಿ ಸಂಗೀತೋತ್ಸವದ ಷೋಗಳ ಆಲ್ಬಂ ಹಿಡಿದು ಅದೇ ಹಾಡುಗಳನ್ನು ಹೋಲಿಸಿ. ಚಾನೆಲ್ 4 ಟಿವಿಯಲ್ಲಿ ಬಂದ 1994ರ ಷೋ ಈ ಬ್ಯಾಂಡಿನ ಹೆಸರನ್ನು ರೇವ್ ಎಂಬ ರಾತ್ರಿಯಿಡೀ ನಡೆಯುವ ಡ್ಯಾನ್ಸ್ ಪಾರ್ಟಿಗಳ ಮಂದಿಯ ಆಚೆಗೂ ಒಯ್ದಿತು.

ಪ್ರಶ್ನೆ: ಇಂಥ ಷೋಗೆ ಹೋದಾಗ ವೇದಿಕೆಯ ಪಕ್ಕದಲ್ಲೇ ಜಾಗ ಹಿಡಿದೆ. ಎದೆ ಗುದ್ದುವಷ್ಟು ಬೇಸ್, ಉಳಿದದ್ದು ಮಂಕು. ಎಲ್ಲಿ ನಿಲ್ಲಬೇಕಿತ್ತು?

ಉತ್ತರ: ಸಭಾಂಗಣದ ನಡುವೆ ಬೇಲಿ ಹಾಕಿ ಸೌಂಡ್ ಎಂಜಿನಿಯರನ್ನು ಕೂರಿಸಿರುತ್ತಾರೆ. ಅವರು ಷೋ ಹದ ಮಾಡುವುದು ತಮ್ಮ ಕಿವಿಗೆ. ಆ ಬೇಲಿಗೆ ಬೆನ್ನು ಕೊಟ್ಟು, ಅಥವಾ ನಾಲ್ಕು ಹೆಜ್ಜೆ ಮುಂದೆ ನಿಲ್ಲಿ. ಬೇಸ್ ಪೆಟ್ಟಿಗೆಗಳು ವೇದಿಕೆಯ ಎಡಬಲದಲ್ಲಿ ಇದ್ದರೆ ನಟ್ಟನಡುವಿನ ಗೆರೆಯಲ್ಲಿ ಎರಡೂ ಕಡೆಯ ಅಲೆ ಒಟ್ಟಿಗೆ ಬಂದು ಕೂಡಿಕೊಳ್ಳುತ್ತವೆ. ಪಕ್ಕಕ್ಕೆ ಸರಿದಂತೆ ಒಂದು ಪೆಟ್ಟಿಗೆ ಹತ್ತಿರ, ಇನ್ನೊಂದು ದೂರ. 60 ಹರ್ಟ್ಸಿನ ಬೇಸ್ ಸ್ವರದ ಅಲೆಯ ಉದ್ದ ಸುಮಾರು 5.7 ಮೀಟರ್. ದೂರದ ವ್ಯತ್ಯಾಸ ಅದರ ಅರ್ಧ, ಅಂದರೆ 2.85 ಮೀಟರ್ ಆದ ಕಡೆ ಒಂದರ ಏರು ಇನ್ನೊಂದರ ಇಳಿತಕ್ಕೆ ಸಿಕ್ಕಿ ಆ ಸ್ವರ ಬಹುಪಾಲು ಅಳಿಸಿಹೋಗುತ್ತದೆ. ಗೋಡೆ ಮೂಲೆಗಳಲ್ಲಿ ತದ್ವಿರುದ್ಧ, ಬೇಸ್ ಶೇಖರವಾಗಿ ಗುಂಯ್‌ಗುಡುತ್ತದೆ. ಬಾಲ್ಕನಿಯ ಕೆಳಗೆ ನಿಂತರೆ ಮೇಲ್ಸ್ವರ ತಲುಪುವುದಿಲ್ಲ. ಲಂಡನ್ನಿನ ಬ್ರಿಕ್ಸ್‌ಟನ್ ಅಕಾಡೆಮಿಯಲ್ಲಿ ನೆಲವೇ ವೇದಿಕೆಯತ್ತ ಇಳಿಜಾರು, ಹಾಗಾಗಿ ಕುಳ್ಳಗಿರುವವರಿಗೆ ಹಿಂದೆ ನಿಂತರೂ ಕಾಣುತ್ತದೆ.

ಪ್ರಶ್ನೆ: ಮಗಳು ಮ್ಯಾಂಚೆಸ್ಟರಿನಲ್ಲಿ ಓದುತ್ತಿದ್ದಾಳೆ. ಷೋ ಮುಗಿದ ಮೇಲೆ ಕಿವಿ ಕುಂಯ್ ಅನ್ನುತ್ತದೆ ಅಂತಾಳೆ. ಬಿಡು ಅಂದರೆ ಬಿಡಲ್ಲ. ಏನು ಮಾಡೋದು? (ಹುಬ್ಬಳ್ಳಿಯಿಂದ)

ಉತ್ತರ: ಷೋ ಬಿಡುವುದು ಬೇಡ ತಾಯಿ, ಕಿವಿಗೆ ಪ್ಲಗ್ ಹಾಕಿಕೊಳ್ಳಲಿ. 85 ಡೆಸಿಬೆಲ್ ಸದ್ದನ್ನು ಎಂಟು ಗಂಟೆ ತಡೆಯಬಹುದು. ಪ್ರತಿ 3 ಡೆಸಿಬೆಲ್ ಏರಿಕೆಗೆ ಆ ಅವಧಿ ಅರ್ಧವಾಗುತ್ತ ಹೋಗುತ್ತದೆ. 100ಕ್ಕೆ ಸಿಗುವುದು 15 ನಿಮಿಷ ಮಾತ್ರ, ಷೋ ನಡೆಯುವುದು ಒಂದೂವರೆ ಎರಡು ಗಂಟೆ. ಸ್ಪಂಜಿನ ಪ್ಲಗ್ ಅಗ್ಗ, ಆದರೆ ಮೇಲ್ಸ್ವರಗಳನ್ನು ಜಾಸ್ತಿ ನುಂಗುತ್ತದೆ. ಹಾಡು ಮಂಕಾಯಿತೆಂದು ಹುಡುಗರು ಅರ್ಧಕ್ಕೇ ಕಿತ್ತು ಜೇಬಿಗೆ ಹಾಕುವುದು ಅದಕ್ಕೇ. ಸಂಗೀತಕ್ಕೆಂದೇ ಮಾಡಿದ ಫಿಲ್ಟರ್ ಪ್ಲಗ್ ಎಲ್ಲ ಸ್ವರವನ್ನೂ ಹೆಚ್ಚುಕಡಿಮೆ ಸಮನಾಗಿ ತಗ್ಗಿಸುತ್ತದೆ, ಅದನ್ನೇ ಕೊಡಿಸಿ. ಸ್ಪಂಜಿನದೇ ಆದರೆ ಬೆರಳಲ್ಲಿ ಹೊಸೆದು ಸಣ್ಣಗೆ ಮಾಡಿ, ಇನ್ನೊಂದು ಕೈಯನ್ನು ತಲೆ ಮೇಲಿಂದ ತಂದು ಕಿವಿಯನ್ನು ಮೇಲಕ್ಕೆ ಹಿಂದಕ್ಕೆ ಎಳೆದು ತೂರಿಸಬೇಕು. ಉಬ್ಬುವವರೆಗೆ ಅರ್ಧ ನಿಮಿಷ ಒತ್ತಿ ಹಿಡಿಯಬೇಕು. ಬಾಗಿಲಲ್ಲೇ ಹಾಕಲಿ, ನೋವಾದ ಮೇಲಲ್ಲ. ಕುಂಯ್ ಸದ್ದು ಒಂದು ದಿನ ದಾಟಿದರೆ ಕಿವಿ ಡಾಕ್ಟರಿಗೆ ತೋರಿಸಲಿ. ಒಂದು ಕಿವಿ ದಿಢೀರನೆ ಕೇಳಿಸದಂತಾದರೆ ಅದೇ ದಿನ ಓಡಬೇಕು.

ಪ್ರಶ್ನೆ: ಟಿಕೆಟ್ ಮುಗಿದಿದೆ. ಬಾಗಿಲ ಬಳಿ ಮಾರುವವರಿಂದ ಕೊಳ್ಳಬಹುದೇ?

ಉತ್ತರ: ಬೇಡ. ಈಗಿನ ಟಿಕೆಟ್ ಫೋನಿನ ಬಾರ್‌ಕೋಡ್; ಒಂದೇ ಸ್ಕ್ರೀನ್‌ಷಾಟನ್ನು ನಾಲ್ಕು ಜನಕ್ಕೆ ಮಾರಿದರೆ ಒಳಗೆ ಹೋಗುವುದು ಮೊದಲು ಬಂದವನು. ಬ್ರಿಟನ್ನಿನಲ್ಲಿ ಟ್ವಿಕೆಟ್ಸ್‌ನಂಥ ತಾಣಗಳಲ್ಲಿ ಅಭಿಮಾನಿಗಳೇ ಮುಖಬೆಲೆಗೆ ಮಾರುತ್ತಾರೆ, ಮೇಲೆ ಸ್ವಲ್ಪ ಸೇವಾಶುಲ್ಕ ಬೀಳುತ್ತದೆ. ಅಲರ್ಟ್ ಹಾಕಿಡಿ. ಷೋ ಹತ್ತಿರವಾದಂತೆ ಬರಲಾಗದವರ ಟಿಕೆಟ್ ಬರತೊಡಗುತ್ತವೆ, ಎರಡಕ್ಕಿಂತ ಒಂಟಿ ಟಿಕೆಟ್ ಬೇಗ ಸಿಗುತ್ತದೆ. ಹೋಗುವಾಗ ದೊಡ್ಡ ಬ್ಯಾಗ್ ಬೇಡ, ಎಷ್ಟೋ ಕಡೆ ಎ4 ಹಾಳೆಗಿಂತ ದೊಡ್ಡದನ್ನು ಒಳಗೆ ಬಿಡುವುದಿಲ್ಲ.