ಓದುಗರ ಪ್ರಶ್ನೆ: ಭಿಕ್ಖುಣಿಯರಿಗೆ ದಾರಿಯಲ್ಲಿ ಯಾರು ದಿಕ್ಕು?

ಪ್ರಶ್ನೆ: ಮನೆಮಠ ಬಿಟ್ಟು ಊರೂರು ನಡೆಯುತ್ತಿದ್ದ ಬೌದ್ಧ ಭಿಕ್ಖುಣಿಯರು ಪುಂಡರಿಂದ, ದಾರಿಗಳ್ಳರಿಂದ ಹೇಗೆ ಪಾರಾಗುತ್ತಿದ್ದರು?

ಉತ್ತರ: ಜೊತೆಗಾತಿಯೇ ಅವರ ಕಾವಲು. ಸಂಘದ ನಿಯಮಗಳ ಗ್ರಂಥವಾದ ಪಾಳಿ ವಿನಯಪಿಟಕದ ಪ್ರಕಾರ ಭಿಕ್ಖುಣಿ ಒಂಟಿಯಾಗಿ ಬೇರೆ ಊರಿಗೆ ಹೋಗುವಂತಿಲ್ಲ, ಹೊಳೆ ದಾಟುವಂತಿಲ್ಲ, ರಾತ್ರಿ ತಂಗುವಂತಿಲ್ಲ, ಗುಂಪಿನಿಂದ ಹಿಂದುಳಿಯುವಂತಿಲ್ಲ. ಒಂದೊಂದರ ಹಿಂದೆಯೂ ಒಂದೊಂದು ಘಟನೆಯಿದೆ. ಸಾಕೇತದಿಂದ ಶ್ರಾವಸ್ತಿಗೆ ಹೊರಟ ಇಬ್ಬರನ್ನು ಅಂಬಿಗರು ‘ಒಟ್ಟಿಗೆ ದಾಟಿಸಲಾಗದು’ ಎಂದು ಬೇರೆ ಮಾಡಿ, ಎರಡೂ ದಡದಲ್ಲಿ ಕೆಡಿಸಿದರು. ಹೊಳೆಯ ನಿಯಮ ಬಂದದ್ದು ಅದರ ಮೇಲೆ. ಬಹಿರ್ದೆಸೆಗೆಂದು ಹಿಂದುಳಿದವಳಿಗೂ ಅದೇ ಗತಿಯಾಯಿತು.

ಅಳತೆಗಳೂ ಖಚಿತ. ಆವರಣವಿರುವ ಹಳ್ಳಿಯಾದರೆ ಮೊದಲ ಹೆಜ್ಜೆ ಒಳಗಿಟ್ಟಾಗ ಥುಲ್ಲಚ್ಚಯವೆಂಬ ಗುರುತರ ತಪ್ಪು, ಎರಡನೆಯದಕ್ಕೆ ಸಂಘಾದಿಸೇಸ, ಅಂದರೆ ಸಂಘವೇ ಸೇರಿ ತೀರ್ಮಾನಿಸಬೇಕಾದ ಇನ್ನೂ ದೊಡ್ಡ ತಪ್ಪು. ಊರಿಲ್ಲದ ಕಾಡುದಾರಿಯಲ್ಲಿ ಜೊತೆಗಾತಿಯ ಕಣ್ಣಳತೆ ಅಥವಾ ಕೂಗಳತೆ ಮೀರಬಾರದು. ರಾತ್ರಿ ತಂಗಿದಲ್ಲಿ ಬೆಳಗು ಹರಿಯುವ ಹೊತ್ತಿಗೆ ಕೈಗೆಟಕುವಷ್ಟು, ವ್ಯಾಖ್ಯಾನಕಾರರು ಹೇಳುವ ಎರಡೂವರೆ ಮೊಳದೊಳಗೆ, ಇಬ್ಬರೂ ಇರಬೇಕು. ಜೊತೆಗಾತಿ ಸತ್ತರೆ, ಸಂಘ ಬಿಟ್ಟು ಹೋದರೆ, ಅಥವಾ ಆಪತ್ತೇ ಎದುರಾದರೆ ಒಂಟಿಯಾದವಳಿಗೆ ದೋಷವಿಲ್ಲ. ಅಪಾಯವೆಂದು ಗೊತ್ತಿರುವ ಸೀಮೆಯಲ್ಲಿ ವ್ಯಾಪಾರಿಗಳ ಸಾರ್ಥದ ಜೊತೆಗಲ್ಲದೆ ಹೊರಡುವಂತಿರಲಿಲ್ಲ. ಕಾಡಿನ ವಾಸವಂತೂ ಪೂರ್ತಿ ನಿಷಿದ್ಧ.

ಪ್ರಶ್ನೆ: ತಪ್ಪಿಗೆ ಪ್ರಾಯಶ್ಚಿತ್ತ ಮಾಡುತ್ತಿರುವವಳು ಉಳಿದವರಿಂದ ದೂರ ಇರಬೇಕಲ್ಲ? ಆಗ ಅವಳೂ ಒಂಟಿಯೇ ಆದಳಲ್ಲ?

ಉತ್ತರ: ಒಳ್ಳೆಯ ತೊಡಕು, ಅಂದೂ ಇದೇ ಪ್ರಶ್ನೆ ಎದ್ದಿತ್ತು. ಆ ಅರ್ಧ ತಿಂಗಳ ‘ಮಾನತ್ತ’ದಲ್ಲಿ ಅವಳು ಇತರರೊಡನೆ ಇರುವಂತಿಲ್ಲ, ಒಂಟಿಯಾಗಿಯೂ ಇರುವಂತಿಲ್ಲ. ಆದ್ದರಿಂದ ಸಂಘವು ಒಬ್ಬ ಭಿಕ್ಖುಣಿಯನ್ನು ಮೊದಲು ಒಪ್ಪಿಸಿ, ಸಭೆಯ ಮುಂದೆ ಪ್ರಸ್ತಾಪಿಸಿ, ಜೊತೆಗಾತಿಯಾಗಿ ನೇಮಿಸುತ್ತಿತ್ತು. ಗರ್ಭಿಣಿಯಾಗಿದ್ದಾಗಲೇ ದೀಕ್ಷೆ ಪಡೆದು ಆಮೇಲೆ ಹೆತ್ತವಳಿಗೂ, ಮಗುವಿಗೆ ತಿಳಿವಳಿಕೆ ಬರುವವರೆಗೆ, ಇದೇ ಏರ್ಪಾಡು.

ಪ್ರಶ್ನೆ: ದೀಕ್ಷೆಗೆ ಹೋಗುವ ದಾರಿಯೇ ಅಪಾಯದ್ದಾದರೆ?

ಉತ್ತರ: ಕಾಶಿಯ ಗಣಿಕೆ ಅಡ್ಢಕಾಸಿಗೆ ಹಾಗೆಯೇ ಆಯಿತು. ದೀಕ್ಷೆಗೆಂದು ಶ್ರಾವಸ್ತಿಗೆ ಹೊರಟವಳಿಗೆ, ಧೂರ್ತರು ದಾರಿ ಕಟ್ಟಿದ್ದಾರೆಂದು ಸುದ್ದಿ ಬಂತು. ಬುದ್ಧ ದೂತಿಯ ಮೂಲಕ ಉಪಸಂಪದೆಗೆ, ಅಂದರೆ ಪೂರ್ಣ ದೀಕ್ಷೆಗೆ, ಒಪ್ಪಿಗೆಯಿತ್ತ. ಆ ದೂತಿ ಯಾರೋ ಒಬ್ಬಳಾದರೆ ಸಾಲದು, ಅನುಭವವಿರುವ ಸಮರ್ಥ ಭಿಕ್ಖುಣಿಯೇ ಆಗಬೇಕು.